ಡರ್ಬಿಗಿಂತ ಒಂದು ವರ್ಷ ಹಿರಿಯ ಓಟ: ಎಪ್ಸಮ್‌ನ ಓಕ್ಸ್ ಬಗ್ಗೆ ಮಾತಾಡೋಣ

ವಂಶಾವಳಿ:
ರೇಸ್ ಅಂದ ಕೂಡಲೇ ನಮ್ಮಲ್ಲಿ ಎಲ್ಲರ ಬಾಯಿಗೂ ಬರುವುದು ಡರ್ಬಿ. ಡರ್ಬಿ ನಡೆಯುವ, ಇಂಗ್ಲೆಂಡಿನ ಲಂಡನ್ ಹತ್ತಿರದ ಅದೇ ಎಪ್ಸಮ್ ಬಯಲಿನಲ್ಲಿ, ಅಷ್ಟೇ ದೂರಕ್ಕೆ, ಅದೇ ಇಳಿಜಾರಿನಲ್ಲಿ ಓಡುವ ಇನ್ನೊಂದು ಓಟ ಇದೆ. ಮೂರು ವರ್ಷದ ಹೆಣ್ಣು ಕುದುರೆಗಳಿಗೆ ಮಾತ್ರ ಪ್ರವೇಶ. ಹೆಸರು ಓಕ್ಸ್. ಶುರುವಾದದ್ದು 1779ರಲ್ಲಿ. ಡರ್ಬಿ ಹುಟ್ಟಿದ್ದು 1780ರಲ್ಲಿ. ಹೀಗಿದ್ದೂ ಪತ್ರಿಕೆಗಳಲ್ಲಿ ಓಕ್ಸ್‌ಗೆ ಯಾವಾಗಲೂ "ಡರ್ಬಿಯ ತಂಗಿ" ಅನ್ನುವ ಸ್ಥಾನ. ಅದನ್ನು ನೋಡಿ ನೋಡಿ ಬೇಜಾರಾಗಿ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ರೇಸ್ ಅಂದರೆ ಐದಾರು ವರ್ಷದ ಬಲಿತ ಕುದುರೆಗಳು ನಾಲ್ಕು ಮೈಲಿ ದೂರವನ್ನು ಒಂದೇ ದಿನ ಎರಡು ಮೂರು ಸಲ ಓಡುವುದು. ಕೊನೆಗೆ ಗೆಲ್ಲುತ್ತಿದ್ದದ್ದು ಗಟ್ಟಿ ಪಿಂಡದ ಕುದುರೆ. ಮೂರು ವರ್ಷದ ಎಳೆ ಕುದುರೆಗಳನ್ನು ಕಡಿಮೆ ದೂರಕ್ಕೆ, ಒಂದೇ ಸಲ ಓಡಿಸಿ ತೀರ್ಮಾನ ಮಾಡುವ ಪದ್ಧತಿ 1776ರಲ್ಲಿ ಡಾನ್‌ಕಾಸ್ಟರ್‌ನಲ್ಲಿ ಸೇಂಟ್ ಲೆಜರ್ ಓಟದಿಂದ ನೆಲೆ ನಿಂತಿತು. ಆ ಮೊದಲ ಸೇಂಟ್ ಲೆಜರ್ ಗೆದ್ದದ್ದೂ ಒಂದು ಹೆಣ್ಣು ಕುದುರೆಯೇ, ಅಲ್ಲಬಾಕ್ಯೂಲಿಯಾ.

ಮೂರು ವರ್ಷ ಕಳೆದ ಮೇಲೆ 12ನೇ ಅರ್ಲ್ ಆಫ್ ಡರ್ಬಿ, ಎಡ್ವರ್ಡ್ ಸ್ಮಿತ್ ಸ್ಟ್ಯಾನ್ಲಿ, ಇದೇ ಮಾದರಿಯಲ್ಲಿ ಹೆಣ್ಣು ಕುದುರೆಗಳಿಗೆಂದೇ ಒಂದೂವರೆ ಮೈಲಿಯ ಓಟ ಏರ್ಪಡಿಸಿದ. ಆಗ ಅವನಿಗೆ ಇಪ್ಪತ್ತಾರು ವರ್ಷ. ಎಪ್ಸಮ್ ಹತ್ತಿರ ಅವನಿಗೊಂದು ಬಂಗಲೆ ಇತ್ತು, ಅದರ ಹೆಸರು "ದಿ ಓಕ್ಸ್". ಓಟಕ್ಕೂ ಅದೇ ಹೆಸರು ಬಂತು. ಹನ್ನೆರಡು ಕುದುರೆ ಓಡಿದವು. ಗೆದ್ದದ್ದು ಬ್ರಿಜೆಟ್, ಅರ್ಲ್‌ನ ಸ್ವಂತ ಕುದುರೆ. ಆ ಖುಷಿಯಲ್ಲೇ ಮರುವರ್ಷಕ್ಕೆ ಗಂಡು ಹೆಣ್ಣು ಎರಡಕ್ಕೂ ತೆರೆದ ಇನ್ನೊಂದು ಓಟ ಇಡಬೇಕೆಂದು ಸ್ನೇಹಿತರು ಸೇರಿ ನಿರ್ಧರಿಸಿದರು. ಅದಕ್ಕೆ ಡರ್ಬಿ ಹೆಸರೋ, ಸರ್ ಚಾರ್ಲ್ಸ್ ಬನ್‌ಬರಿ ಹೆಸರೋ ಎಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರು ಅನ್ನುವ ಕಥೆ ಚಾಲ್ತಿಯಲ್ಲಿದೆ. ಹೆಸರು ಡರ್ಬಿಯದಾಯಿತು, ಮೊದಲ ಗೆಲುವು ಬನ್‌ಬರಿಯ ಡಯೊಮೆಡ್‌ನದಾಯಿತು.

ನನ್ನ ವಾದ ಇಷ್ಟು. ಓಕ್ಸ್ ಅನ್ನು ಗೆದ್ದವರ ಪಟ್ಟಿ ಎಂದು ಓದಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ, ತಾಯಂದಿರ ಪಟ್ಟಿ ಎಂದು ಓದಬೇಕು. ಯಾರು ಒಪ್ಪುತ್ತೀರಿ, ಯಾರು ಇಲ್ಲ, ಹೇಳಿ.

ಜಯನಗರ ಫೋರ್ತ್ ಬ್ಲಾಕ್:
ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಪ್ರಶ್ನೆ. ಡರ್ಬಿಯಲ್ಲಿ ಹೆಣ್ಣು ಕುದುರೆಯೂ ಓಡಬಹುದು ಅಂದಮೇಲೆ ಪ್ರತ್ಯೇಕ ಓಟ ಯಾಕೆ ಬೇಕಿತ್ತು? ಮನುಷ್ಯರ ಕ್ರೀಡೆಯಲ್ಲಿ ಅದಕ್ಕೊಂದು ಕಾರಣ ಇದೆ. ಕುದುರೆಗೆ ಯಾಕೆ?

ಧಾರವಾಡದಾಕಿ:
ನಾ ಪಶುವೈದ್ಯೆ ಇದ್ದೀನ್ರೀ, ಅದಕ್ಕ ನಾನ ಹೇಳತೀನಿ. ಮೂರು ವರ್ಷದ ವಯಸ್ಸಿನಾಗ ಗಂಡು ಕುದುರಿ ಮೈಕಟ್ಟು ಸ್ವಲ್ಪ ಮುಂದ ಇರತದ, ಸ್ನಾಯು ಹೆಚ್ಚು. ಅದಕ್ಕ ಡರ್ಬಿಯಂಥಾ ಓಟದಾಗ ಹೆಣ್ಣು ಕುದುರಿಗೆ 3 ಪೌಂಡು, ಅಂದ್ರ ಕಿಲೋ ಲೆಕ್ಕದಾಗ ಒಂದೂವರಿಗೆ ಸ್ವಲ್ಪ ಕಡಿಮಿ, ಭಾರ ಇಳಿಸಿ ಕೊಡತಾರ. ಇನ್ನೊಂದು, ಓಕ್ಸ್ ನಡಿಯೂದು ವಸಂತ ಮುಗಿದು ಬ್ಯಾಸಗಿ ಶುರುವಾಗೂ ಹೊತ್ತಿಗೆ. ಹೆಣ್ಣು ಕುದುರಿ ಬೆದಿಗೆ ಬರೂ ಹಂಗಾಮು ಅದ. ಆ ದಿವಸದಾಗ ಗಂಡು ಕುದುರಿ ಜೋಡಿ ನಿಲ್ಲಿಸಿದ್ರ ಎರಡೂ ಕಡೆ ತ್ರಾಸು.

ಆದ್ರ ಖರೇ ಕಾರಣ ಬ್ಯಾರೆನ ಅದ. ಥರೋಬ್ರೆಡ್, ಅಂದ್ರ ರೇಸಿಗಂತನ ಬೆಳೆಸಿದ ಕುದುರಿ ಜಾತಿಯೊಳಗ ಕೃತಕ ಗರ್ಭಧಾರಣೆಗೆ ಅವಕಾಶನ ಇಲ್ಲ, ಖುದ್ದು ಕೂಡಿಸಬೇಕು. ಹಂಗಿದ್ರೂ ಒಂದು ಬೇಡಿಕಿ ಇರೂ ಗಂಡು ಕುದುರಿ ವರ್ಷಕ್ಕ ನೂರಕ್ಕ ಮಿಕ್ಕಿ ಮರಿಗೆ ಅಪ್ಪ ಆಗತದ. ತಾಯಿ ಕುದುರಿ ಹನ್ನೊಂದು ತಿಂಗಳು ಬಸುರಿದ್ದು ಒಂದ ಮರಿ ಹಾಕತದ, ಜೀವಮಾನದಾಗ ಹತ್ತು ಹದಿನೈದು ಆದ್ರ ಬಾಳ. ಅಂದಮ್ಯಾಲೆ ಯಾವ ಹೆಣ್ಣನ್ನ ಸಾಕಬೇಕು, ಯಾವುದನ್ನ ಮಾರಬೇಕು ಅನ್ನೂ ತೀರ್ಮಾನ ತಪ್ಪಿದ್ರ ವರ್ಷಗಟ್ಟಲೆ ನಷ್ಟ. ಹೆಣ್ಣು ಹೆಣ್ಣನ್ನ ಒಂದ ಸಾಲಿನಾಗ ನಿಲ್ಲಿಸಿ ತೂಗಿ ನೋಡೂ ಜಾಗ ಇದು.

ಮೈಸೂರು ಮೇಷ್ಟ್ರು:
ಡಾಕ್ಟರಮ್ಮ ಹೇಳಿದ್ದಕ್ಕೆ ಇತಿಹಾಸದಲ್ಲೇ ಸಾಕ್ಷಿ ಇದೆ. 1840ರ ಓಕ್ಸ್ ನೋಡಿ. ಗೆದ್ದವಳು ಕ್ರೂಸಿಫಿಕ್ಸ್. ಅದೇ ವರ್ಷ ಒಂದು ಮೈಲಿಯ ಎರಡು ದೊಡ್ಡ ಓಟಗಳನ್ನೂ, ಗಂಡು ಹೆಣ್ಣು ಎರಡಕ್ಕೂ ತೆರೆದ 2000 ಗಿನೀಸ್ ಮತ್ತು ಹೆಣ್ಣಿಗೆ ಮಾತ್ರ ಇರುವ 1000 ಗಿನೀಸ್, ಗೆದ್ದಿದ್ದಳು. ಅವಳ ಹಿಂದೆ ಸೋತವರಲ್ಲಿ ಪೊಕಹಾಂಟಸ್ ಅನ್ನುವ ಕುದುರೆಯೂ ಇತ್ತು. ಉಸಿರಾಟದ ತೊಂದರೆ ಇದ್ದ ಕುದುರೆ, ಓಡುವಾಗ ಗಂಟಲಲ್ಲಿ ಗೊರಗೊರ ಸದ್ದು. ತನ್ನ ಜೀವನದಲ್ಲಿ ಒಂದೇ ಒಂದು ಓಟವನ್ನೂ ಗೆಲ್ಲಲಿಲ್ಲ.

ಮುಂದೆ ಏನಾಯಿತು? ಕ್ರೂಸಿಫಿಕ್ಸ್‌ನ ಮಗ ಸರ್‌ಪ್ಲೈಸ್ 1848ರ ಡರ್ಬಿ ಗೆದ್ದ. ಗೆಲ್ಲದ ಪೊಕಹಾಂಟಸ್‌ಗೆ ಹುಟ್ಟಿದವನು ಸ್ಟಾಕ್‌ವೆಲ್. 1852ರಲ್ಲಿ 2000 ಗಿನೀಸ್, ಸೇಂಟ್ ಲೆಜರ್ ಗೆದ್ದು, ಆಮೇಲೆ "ಗಂಡು ಕುದುರೆಗಳ ಚಕ್ರವರ್ತಿ" ಎಂದೇ ಹೆಸರಾದ. ರಾಟಪ್ಲಾನ್, ಕಿಂಗ್ ಟಾಮ್ ಕೂಡ ಅವಳ ಮಕ್ಕಳೇ. ಇಂದು ಓಡುವ ಥರೋಬ್ರೆಡ್‌ಗಳ ವಂಶವೃಕ್ಷದಲ್ಲಿ ಹಿಂದೆ ಹಿಂದೆ ಹೋದರೆ ಅವಳು ಸಿಕ್ಕೇ ಸಿಗುತ್ತಾಳೆ. ಹೀಗಿರುವಾಗ, ವಂಶಾವಳಿಯವರೇ, ನಿಮ್ಮ ವಾದಕ್ಕೆ ಇದು ತೊಡಕಲ್ಲವೇ? ಓಕ್ಸ್ ಗೆದ್ದವಳಿಗಿಂತ ಸೋತವಳೇ ದೊಡ್ಡ ತಾಯಿಯಾದಳು.

ವಂಶಾವಳಿ:
ಮೇಷ್ಟ್ರೇ, ತೊಡಕಲ್ಲ, ಅದು ನನ್ನ ವಾದಕ್ಕೇ ಬಲ. ಪೊಕಹಾಂಟಸ್‌ನ ತಾಯಿ ಮಾರ್ಪೆಸ್ಸಾ. ಮಾರ್ಪೆಸ್ಸಾಳ ತಂದೆ ಮ್ಯೂಲಿ. ಮ್ಯೂಲಿಯ ತಾಯಿ ಯಾರು? ಎಲೆನರ್! 1801ರಲ್ಲಿ ಡರ್ಬಿ ಗೆದ್ದ ಮೊಟ್ಟಮೊದಲ ಹೆಣ್ಣು ಕುದುರೆ, ಮರುದಿನವೇ ಓಕ್ಸ್ ಕೂಡ ಗೆದ್ದವಳು. ಸ್ಟಾಕ್‌ವೆಲ್‌ನ ರಕ್ತದಲ್ಲಿ ಓಕ್ಸ್ ಗೆದ್ದವಳೊಬ್ಬಳು ಇದ್ದೇ ಇದ್ದಾಳೆ.

ಎಲೆನರ್ ಬಗ್ಗೆ ಒಂದು ದಂತಕಥೆ ಇದೆ. ಅವಳನ್ನು ಪಳಗಿಸಿದ ಟ್ರೇನರ್ ಓಟಕ್ಕೆ ಮುಂಚೆಯೇ ಹಾಸಿಗೆ ಹಿಡಿದನಂತೆ. ಕೊನೆಗಾಲದಲ್ಲಿ ಪಾದ್ರಿ ಬಂದು, ಮನಸ್ಸಿನಲ್ಲಿ ಏನಾದರೂ ಭಾರ ಇದ್ದರೆ ಹೇಳಿಬಿಡಪ್ಪ ಅಂದರಂತೆ. ಅವನು ಹತ್ತಿರ ಕರೆದು, ನಂಬಿ ಸ್ವಾಮಿ, ಆ ಎಲೆನರ್ ಇದೆಯಲ್ಲ, ಅದು ಮಹಾ ಭಯಂಕರ ಕುದುರೆ ಎಂದನಂತೆ. ನಿಜವೋ ಕಟ್ಟುಕಥೆಯೋ, ಇನ್ನೂರು ವರ್ಷ ಉಳಿದುಕೊಂಡು ಬಂದಿದೆ.

ಇನ್ನೊಂದು ಉದಾಹರಣೆ, ಬ್ಲಿಂಕ್ ಬಾನಿ. 1857ರಲ್ಲಿ ಡರ್ಬಿ ಗೆದ್ದಳು, ಎರಡು ದಿನ ಬಿಟ್ಟು ಓಕ್ಸ್ ಗೆದ್ದಳು. 1862ರಲ್ಲಿ ಸತ್ತುಹೋದಳು, ಬಿಟ್ಟುಹೋದ ಮರಿಗಳು ಬೆರಳೆಣಿಕೆಯಷ್ಟು. ಅದರಲ್ಲೊಂದು ಬ್ಲೇರ್ ಅಥೋಲ್, 1864ರ ಡರ್ಬಿ ಮತ್ತು ಸೇಂಟ್ ಲೆಜರ್ ಎರಡನ್ನೂ ಗೆದ್ದ.

ಕುಣಿಗಲ್ ಕಡೆಯವ:
ಅಣ್ಣ, ಒಂದು ವಿಷಯ. ಎಲೆನರ್ ಹಾಗೆ ಡರ್ಬಿ ಓಕ್ಸ್ ಎರಡೂ ಗೆದ್ದಿರೋದು ಒಟ್ಟು ಎಷ್ಟು? ನಮ್ಮೂರ ಸ್ಟಡ್ ಫಾರ್ಮ್ ಕಡೆ ಹಳಬರು ಕೂತು ಮಾತಾಡುವಾಗ ಸಿನ್ಯೊರಿನೆಟ್ಟಾ ಅಂತ ಒಂದು ಹೆಸರು ಕೇಳಿದ್ದೆ. ಯಾರೂ ಪೂರ್ತಿ ಹೇಳಲಿಲ್ಲ.

ಮೈಸೂರು ಮೇಷ್ಟ್ರು:
ಡರ್ಬಿ ಗೆದ್ದ ಹೆಣ್ಣು ಕುದುರೆಗಳು ಇವತ್ತಿನವರೆಗೂ ಆರೇ. ಎಲೆನರ್ (1801), ಬ್ಲಿಂಕ್ ಬಾನಿ (1857), ಶಾಟೋವರ್ (1882), ಸಿನ್ಯೊರಿನೆಟ್ಟಾ (1908), ಟ್ಯಾಗಲೀ (1912), ಫಿಫಿನೆಲ್ಲಾ (1916). ಇವರಲ್ಲಿ ಶಾಟೋವರ್, ಟ್ಯಾಗಲೀ ಬಿಟ್ಟು ಉಳಿದ ನಾಲ್ವರು ಓಕ್ಸ್ ಕೂಡ ಗೆದ್ದಿದ್ದಾರೆ.

ಸಿನ್ಯೊರಿನೆಟ್ಟಾ ಕಥೆ ನಾನು ಪಾಠದ ಮಧ್ಯೆ ಮಕ್ಕಳಿಗೂ ಹೇಳಿದ್ದುಂಟು. ಶೆವಾಲಿಯರ್ ಜಿನಿಸ್ಟ್ರೆಲ್ಲಿ ಅಂತ ಇಟಲಿಯ ಒಬ್ಬ ಹಿರಿಯ, ಇಂಗ್ಲೆಂಡಿನ ರೇಸ್ ಊರು ನ್ಯೂಮಾರ್ಕೆಟ್‌ನಲ್ಲಿ ನೆಲೆಸಿದ್ದ. ಅವನ ಬಳಿ ಸಿನ್ಯೊರಿನಾ ಅನ್ನುವ ಉತ್ತಮ ತಳಿಯ ಹೆಣ್ಣು ಕುದುರೆ. ಓಟದಲ್ಲಿ ಭಾರೀ ಹೆಸರು ಮಾಡಿದ್ದಳು, ಆದರೆ ವರ್ಷಾನುಗಟ್ಟಲೆ ಗರ್ಭ ನಿಲ್ಲಲಿಲ್ಲ. ಅವಳ ಲಾಯದ ಮುಂದೆ ದಿನಾ ಷಾಲುರೋ ಅನ್ನುವ ಒಂದು ಅಗ್ಗದ ಗಂಡು ಕುದುರೆಯನ್ನು ನಡೆಸಿಕೊಂಡು ಹೋಗುತ್ತಿದ್ದರು. ಅದು ಬಂದಾಗಲೆಲ್ಲ ಇವಳು ಕತ್ತು ಹೊರಹಾಕಿ ಕೆನೆಯುವಳು, ಅದೂ ಅಲ್ಲೇ ನಿಂತುಬಿಡುವುದು. ಇವೆರಡಕ್ಕೂ ಪ್ರೀತಿ ಹುಟ್ಟಿದೆ, ಇವನ್ನೇ ಕೂಡಿಸುತ್ತೇನೆ ಎಂದ ಜಿನಿಸ್ಟ್ರೆಲ್ಲಿ. ಕುದುರೆ ಬಲ್ಲವರು ನಕ್ಕರು. ಹುಟ್ಟಿದವಳು ಸಿನ್ಯೊರಿನೆಟ್ಟಾ. ಡರ್ಬಿಯಲ್ಲಿ ಅವಳ ಮೇಲಿನ ಬೆಲೆ ಒಂದಕ್ಕೆ ನೂರು. ಗೆದ್ದಳು. ಎರಡು ದಿನ ಬಿಟ್ಟು ಓಕ್ಸ್ ಕೂಡ ಗೆದ್ದಳು. ದೊರೆ ಏಳನೇ ಎಡ್ವರ್ಡ್ ತಾನೇ ಆ ಮುದುಕನನ್ನು ಮುಂದೆ ಕರೆತಂದು ಜನರ ಚಪ್ಪಾಳೆಗೆ ನಿಲ್ಲಿಸಿದ.

ಫಿಫಿನೆಲ್ಲಾ ಗೆದ್ದದ್ದು ಎಪ್ಸಮ್‌ನಲ್ಲಲ್ಲ ಅನ್ನುವುದನ್ನೂ ನೆನಪಿಡಬೇಕು. ಮೊದಲ ಮಹಾಯುದ್ಧದ ಕಾಲಕ್ಕೆ, 1915ರಿಂದ 1918ರವರೆಗೆ, ಓಟ ನ್ಯೂಮಾರ್ಕೆಟ್‌ಗೆ ಹೋಗಿತ್ತು. ಎರಡನೇ ಯುದ್ಧದಲ್ಲೂ 1940ರಿಂದ 1945ರವರೆಗೆ ಅಲ್ಲೇ ನಡೆಯಿತು.

ಸರ್ರೆ ಕನ್ನಡತಿ:
ನಮಸ್ಕಾರ ಎಲ್ಲರಿಗೂ. ನಾನು ಇರುವುದು ಎಪ್ಸಮ್‌ನಿಂದ ಹೆಚ್ಚು ದೂರವಿಲ್ಲದ ಊರಲ್ಲಿ. ಓಟ ಇಲ್ಲದ ದಿನ ಆ ಬಯಲಿನಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಹಾಗಾಗಿ ಟ್ರ್ಯಾಕ್ ಪಕ್ಕದಲ್ಲೇ ತುಂಬಾ ಸಲ ನಡೆದಿದ್ದೇನೆ. ಟಿವಿಯಲ್ಲಿ ನೋಡಿ ಅದನ್ನು ಅಂದಾಜು ಮಾಡುವುದು ಸಾಧ್ಯವೇ ಇಲ್ಲ.

ಬೇಲಿ ಹಾರುವ ಓಟ ಅಲ್ಲದ್ದಕ್ಕೆ ಇದನ್ನು ಫ್ಲಾಟ್ ರೇಸ್ ಅಂತಾರೆ, ಅಷ್ಟೇ. ನೆಲ ಒಂದು ಕಡೆಯೂ ಸಮ ಇಲ್ಲ. ಓಟ ಶುರುವಾಗುವುದೇ ಏರಿನಲ್ಲಿ, ಅರ್ಧ ದೂರ ಮುಗಿಯುವಷ್ಟರಲ್ಲಿ ಸುಮಾರು 40 ಮೀಟರ್ ಮೇಲೆ ಬಂದಿರುತ್ತವೆ. ಅಲ್ಲಿಂದ ಎಡಕ್ಕೆ ತಿರುಗುತ್ತಾ ಟ್ಯಾಟನ್‌ಹ್ಯಾಮ್ ಕಾರ್ನರ್‌ವರೆಗೆ ಕಡಿದಾದ ಇಳಿಜಾರು. ನಾನು ಮಳೆ ಬಂದ ಮರುದಿನ ಬೂಟು ಹಾಕಿಕೊಂಡು ಇಳಿಯುವಾಗಲೇ ಕಾಲು ತಾನಾಗಿ ಮುಂದೆ ಓಡುತ್ತಿತ್ತು. ತಿರುವು ಮುಗಿದ ಮೇಲೆ ನೇರ ದಾರಿ, ಮೂರೂವರೆ ಫರ್ಲಾಂಗ್ ಇರಬಹುದು. ಆದರೆ ಅದು ಪಕ್ಕಕ್ಕೆ ವಾಲಿದೆ. ಹೊರಗಿನ ಕಟಕಟೆಯಿಂದ ಒಳಗಿನ ಕಟಕಟೆ ಕಡೆ ಹುಲ್ಲು ಇಳಿಯುತ್ತಾ ಹೋಗುವುದು ನಿಂತು ನೋಡಿದರೆ ಕಣ್ಣಿಗೇ ಕಾಣುತ್ತದೆ. ದಣಿದ ಕುದುರೆ ತನಗೆ ಗೊತ್ತಿಲ್ಲದಂತೆ ಒಳಗೆ ಜಾರಿ ಪಕ್ಕದ ಕುದುರೆಗೆ ತಾಗುತ್ತದೆ. ಕೊನೆಯಲ್ಲಿ ಮತ್ತೆ ಚಿಕ್ಕದೊಂದು ಏರು. ಮೂರು ವರ್ಷದ ಹೆಣ್ಣು ಕುದುರೆ, ಅದೂ ಹೆಚ್ಚಿನವು ಒಂದೂವರೆ ಮೈಲಿಯನ್ನು ಮೊದಲ ಸಲ ಓಡುತ್ತಿರುವಾಗ, ಇಷ್ಟನ್ನು ಎರಡೂವರೆ ನಿಮಿಷದಲ್ಲಿ ನಿಭಾಯಿಸಬೇಕು.

ಆ ಬಂಗಲೆ ಇದ್ದ ಜಾಗಕ್ಕೂ ಹೋಗಿದ್ದೆ. ಕಾರ್ಷಾಲ್ಟನ್ ಪಕ್ಕ ಈಗ ಅದು ಓಕ್ಸ್ ಪಾರ್ಕ್, ಸಾರ್ವಜನಿಕ ಉದ್ಯಾನ. ಮನೆ ಇಲ್ಲ, 1950ರ ದಶಕದ ಕೊನೆಗೆ ಕೆಡವಿಬಿಟ್ಟರು. ಒಂದು ಕಾಲಕ್ಕೆ ಅದು ಅರ್ಲ್‌ನ ಸಂಬಂಧಿ ಜನರಲ್ ಬರ್ಗೊಯ್ನ್ ಕೈಯಲ್ಲಿತ್ತು. ಅದೇ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ 1777ರಲ್ಲಿ ಸರಟೋಗಾದಲ್ಲಿ ಶರಣಾದ ಬರ್ಗೊಯ್ನ್.

ಜಯನಗರ ಫೋರ್ತ್ ಬ್ಲಾಕ್:
ಮೇಡಂ, ಓದುತ್ತಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಆದರೆ ನನ್ನ ಆಕ್ಷೇಪ ಅಲ್ಲೇ ಇದೆ. ಮೂರು ವರ್ಷ ಅಂದರೆ ಇನ್ನೂ ಮರಿ. ಅಂಥದ್ದನ್ನು ಇಳಿಜಾರಿನಲ್ಲಿ ಹೀಗೆ ಓಡಿಸುವುದು ಸರಿಯಾ? ನಮ್ಮ ಮನೆಯಲ್ಲಿ ರೇಸ್ ಹುಚ್ಚಿನಿಂದ ಹಾಳಾದವರನ್ನು ನೋಡಿ ಬೆಳೆದವನು ನಾನು, ಹಣದ ಮಾತು ಬಿಡಿ. ಪ್ರಾಣಿಯ ಪರವಾಗಿ ಕೇಳುತ್ತಿದ್ದೇನೆ.

ಧಾರವಾಡದಾಕಿ:
ಕೇಳೂದು ಬರೋಬರಿ ಅದ. ಮುಂಗಾಲ ಮಂಡಿ ಮ್ಯಾಲಿನ ಎಲುಬು ಬೆಳಿಯೂ ತುದಿ ಎರಡರಿಂದ ಎರಡೂವರಿ ವರ್ಷದೊಳಗ ಮುಚ್ಚಿಕೊಳ್ಳತದ. ಬೆನ್ನೆಲುಬು ಪೂರಾ ಬಲಿಯೂದು ಇನ್ನೂ ತಡ. ಅದಕ್ಕ ಮೂರನೇ ವರ್ಷದಾಗ ಓಡಬಾರದು ಅಂತೇನಿಲ್ಲ, ಎಚ್ಚರ ಬೇಕು. ಹದವಾಗಿ ಓಡಿಸಿದ್ರ ಎಲುಬು ಗಟ್ಟಿ ಆಗತಾವ, ಹದ ತಪ್ಪಿದ್ರ ಸಣ್ಣ ಸಣ್ಣ ಬಿರುಕು ಬಿಡತಾವ. ಆ ಹದ ಗೊತ್ತಿರಬೇಕಾದ್ದು ದಿನಾ ಮುಂಜಾನೆ ಕಾಲು ಮುಟ್ಟಿ ಬಿಸಿ ನೋಡೂ ಸೈಸಿಗೆ, ಅಂದ್ರ ಕುದುರಿ ಕಾಯೂ ಆಳಿಗೆ, ಟ್ರೇನರಿಗೆ. ಮಂದಿ ಅವಸರ ಮಾಡಿದಲ್ಲೆ ಕುದುರಿ ಸಾಯತಾವ, ಅದನ್ನ ನಾ ಮುಚ್ಚಿಡೂದಿಲ್ಲ.

2021ರಾಗ ಸ್ನೋಫಾಲ್ ಅನ್ನೂ ಕುದುರಿ ಓಕ್ಸ್ ಅನ್ನ 16 ಲೆಂತ್, ಅಂದ್ರ ಹದಿನಾರು ಕುದುರಿ ಉದ್ದದ ಅಂತರದಿಂದ ಗೆದ್ದಿತು. ಓಕ್ಸ್ ಚರಿತ್ರೆದಾಗ ಅಷ್ಟು ದೊಡ್ಡ ಅಂತರ ಮತ್ತೊಂದಿಲ್ಲ. 2022ರ ಜನವರಿಯೊಳಗ ಸೊಂಟದ ಎಲುಬಿನ ಪೆಟ್ಟಿಂದ ತೀರಿಹೋತು. ಒಂದು ಮರಿ ಸೈತ ಉಳೀಲಿಲ್ಲ. ಆ ಸುದ್ದಿ ಓದಿದ ದಿವಸ ನನಗ ಊಟ ಸೇರಲಿಲ್ರೀ.

ವಂಶಾವಳಿ:
ಸ್ನೋಫಾಲ್ ಹೆಸರು ಬಂದಾಗ ನನಗೂ ಹಾಗೇ ಆಗುತ್ತದೆ. ಜಪಾನಿನ ಡೀಪ್ ಇಂಪ್ಯಾಕ್ಟ್ ಮಗಳು. ಆ ದಿನ ಜಾಕಿ ಡೆಟೋರಿ ಚಾಟಿ ಎತ್ತುವ ಅಗತ್ಯವೇ ಬೀಳಲಿಲ್ಲ ಅನ್ನುವಷ್ಟು ಸಲೀಸಾಗಿ ಬಂದಳು.

ಹದ ತಪ್ಪಿದರೂ ತಾಳಿಕೊಂಡವಳ ಕಥೆ ಬೇಕೆಂದರೆ ಸೆಪ್ಟರ್ ಕಥೆ ಓದಬೇಕು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಓಕ್ಸ್ ಗೆದ್ದವರಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರದವಳು ಅವಳೇ. ಡ್ಯೂಕ್ ಆಫ್ ವೆಸ್ಟ್‌ಮಿನ್‌ಸ್ಟರ್ ತೀರಿಕೊಂಡ ಮೇಲೆ ಅವನ ಕುದುರೆಗಳು ಹರಾಜಿಗೆ ಬಂದವು. ಬಾಬ್ ಸೀವಿಯರ್ ಅನ್ನುವ ಜೂಜುಕೋರ ಒಂದು ವರ್ಷದ ಈ ಹೆಣ್ಣು ಮರಿಗೆ 10,000 ಗಿನಿ ಕೊಟ್ಟು ಕೊಂಡ. ಆ ಕಾಲಕ್ಕೆ ಒಂದು ವರ್ಷದ ಮರಿಗೆ ಯಾರೂ ಕೊಟ್ಟಿರದ ಬೆಲೆ. 1902ರಲ್ಲಿ ಅವನೇ ಟ್ರೇನರ್ ಆಗಿ ಅವಳನ್ನು ಓಡಿಸಿದ. ವರ್ಷದ ಮೊದಲ ಓಟವೇ ದೊಡ್ಡ ಕುದುರೆಗಳ ಜತೆ ಬಲಕ್ಕೆ ತಕ್ಕಂತೆ ಭಾರ ಹೊರಿಸಿ ಓಡಿಸುವ ಲಿಂಕನ್ ಹ್ಯಾಂಡಿಕ್ಯಾಪ್, ಎರಡನೇ ಸ್ಥಾನ. ಆಮೇಲೆ 2000 ಗಿನೀಸ್ ಗೆದ್ದಳು. ಎರಡು ದಿನಕ್ಕೆ 1000 ಗಿನೀಸ್ ಗೆದ್ದಳು. ಡರ್ಬಿಯಲ್ಲಿ ನಾಲ್ಕನೆಯವಳಾದಳು. ಮತ್ತೆ ಎರಡೇ ದಿನಕ್ಕೆ ಓಕ್ಸ್‌ಗೆ ಇಳಿಸಿದರು, ಗೆದ್ದಳು. ಅಲ್ಲಿಂದ ಪ್ಯಾರಿಸ್‌ಗೆ ಸಾಗಿಸಿದರು, ಸೋತಳು. ವಾಪಸ್ ಬಂದು ರಾಯಲ್ ಆಸ್ಕಟ್‌ನಲ್ಲಿ ಗೆದ್ದಳು. ಸೆಪ್ಟೆಂಬರಿನಲ್ಲಿ ಸೇಂಟ್ ಲೆಜರ್ ಗೆದ್ದಳು. ಐದು ಕ್ಲಾಸಿಕ್ ಓಟಗಳಲ್ಲಿ (2000 ಗಿನೀಸ್, 1000 ಗಿನೀಸ್, ಡರ್ಬಿ, ಓಕ್ಸ್, ಸೇಂಟ್ ಲೆಜರ್) ನಾಲ್ಕನ್ನು ಯಾರ ಜತೆಗೂ ಗೆಲುವು ಹಂಚಿಕೊಳ್ಳದೆ ಗೆದ್ದ ಕುದುರೆ ಇವಳೊಬ್ಬಳೇ. ಒಡೆಯನ ಸಾಲ ತೀರಿಸುವುದಕ್ಕೆ ಅವಳನ್ನು ಹೀಗೆ ದುಡಿಸಿದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಅವಳ ಮಗಳು ಮೇಡ್ ಆಫ್ ದಿ ಮಿಸ್ಟ್. ಆ ಮಗಳ ಮಗಳು ಸನ್ನಿ ಜೇನ್ 1917ರ ಓಕ್ಸ್ ಗೆದ್ದಳು. ಅಜ್ಜಿ ಗೆದ್ದ ಓಟವನ್ನು ಹದಿನೈದು ವರ್ಷಕ್ಕೆ ಮೊಮ್ಮಗಳು ಗೆದ್ದಳು. ನಾನು ತಾಯಂದಿರ ಪಟ್ಟಿ ಅಂದದ್ದು ಇದಕ್ಕೇ.

ಕುಣಿಗಲ್ ಕಡೆಯವ:
ಅಣ್ಣ, ಹೆಣ್ಣು ಕುದುರೆಗಳ ಟ್ರಿಪಲ್ ಕ್ರೌನ್ ಅಂತಾರಲ್ಲ, 1000 ಗಿನೀಸ್, ಓಕ್ಸ್, ಸೇಂಟ್ ಲೆಜರ್ ಮೂರೂ, ಅದು ಸೆಪ್ಟರ್ ಬಿಟ್ಟು ಯಾರ್ಯಾರು?

ಮೈಸೂರು ಮೇಷ್ಟ್ರು:
ಫಾರ್ಮೋಸಾ 1868, ಹ್ಯಾನಾ 1871, ಅಪಾಲಜಿ 1874, ಲಾ ಫ್ಲೆಷ್ 1892, ಸೆಪ್ಟರ್ 1902, ಪ್ರೆಟಿ ಪಾಲಿ 1904, ಸನ್ ಚಾರಿಯಟ್ 1942, ಮೆಲ್ಡ್ 1955, ಓ ಸೋ ಶಾರ್ಪ್ 1985. ಅಲ್ಲಿಂದೀಚೆಗೆ ಯಾರೂ ಇಲ್ಲ.

ಅಪಾಲಜಿಯ ಒಡೆಯ ಒಬ್ಬ ಪಾದ್ರಿ, ರೆವರೆಂಡ್ ಜಾನ್ ಕಿಂಗ್. "ಮಿಸ್ಟರ್ ಲಾಂಡ್" ಎಂಬ ಹೆಸರಿನಲ್ಲಿ ಕುದುರೆ ಓಡಿಸುತ್ತಿದ್ದ. ಮೂರು ಓಟ ಗೆದ್ದ ಮೇಲೆ ಗುಟ್ಟು ಎಲ್ಲಿ ಉಳಿಯುತ್ತದೆ? ಲಿಂಕನ್‌ನ ಬಿಷಪ್ ಆಕ್ಷೇಪಿಸಿ ಪತ್ರ ಬರೆದ. ಕುದುರೆ ಸಾಕುವುದು ಪಾಪವಲ್ಲ ಅನ್ನುವ ನಿಲುವಿನಿಂದ ಕಿಂಗ್ ಕದಲಲಿಲ್ಲ, ಪಾದ್ರಿಗಿರಿಯನ್ನೇ ಬಿಟ್ಟ.

ಸನ್ ಚಾರಿಯಟ್ ಇನ್ನೊಂದು ಥರ. ದೊರೆ ಆರನೇ ಜಾರ್ಜ್‌ನ ಬಣ್ಣದಲ್ಲಿ ಓಡಿದವಳು, ಮಹಾ ಹಟಮಾರಿ. ಒಂದು ಮುಂಜಾನೆ ದೊರೆಯೇ ನೋಡಲು ಬಂದಾಗ ಉತ್ತ ಹೊಲಕ್ಕೆ ನುಗ್ಗಿ ಮಂಡಿಯೂರಿ ಗೂಳಿಯಂತೆ ಗುಟುರು ಹಾಕಿದಳು ಎಂದು ಅವಳ ಜಾಕಿ ಗಾರ್ಡನ್ ರಿಚರ್ಡ್ಸ್ ಹೇಳಿಕೊಂಡಿದ್ದಾನೆ. ಓಕ್ಸ್ ದಿನ ಮತ್ತೆ ಮತ್ತೆ ಸ್ಟಾರ್ಟ್ ಕೆಡಿಸಿದಳು. ಕೊನೆಗೆ ಸ್ಟಾರ್ಟ್‌ನಲ್ಲಿ ಅಡ್ಡ ಕಟ್ಟಿದ ಹಗ್ಗ ಮೇಲೆದ್ದಾಗ ಎಲ್ಲ ಕುದುರೆ ನೇರ ಹೊರಟರೆ ಇವಳು ಎಡಕ್ಕೆ ಹೊರಟಳು. ಸುಮಾರು ನೂರು ಗಜ ಹಿಂದೆ ಬಿದ್ದು, ಅಲ್ಲಿಂದ ಒಬ್ಬೊಬ್ಬರನ್ನೇ ಹಿಡಿದು ಗೆದ್ದಳು. ಸೇಂಟ್ ಲೆಜರ್‌ನಲ್ಲಿ ಆ ವರ್ಷದ ಡರ್ಬಿ ಗೆದ್ದ ವಾಟ್ಲಿಂಗ್ ಸ್ಟ್ರೀಟ್‌ನನ್ನೂ ಸೋಲಿಸಿದಳು.

ಸರ್ರೆ ಕನ್ನಡತಿ:
ದೊರೆ ಆರನೇ ಜಾರ್ಜ್‌ನ ಮಗಳು ಎರಡನೇ ಎಲಿಜಬೆತ್ ರಾಣಿ ಡರ್ಬಿಯನ್ನು ಒಮ್ಮೆಯೂ ಗೆಲ್ಲಲಿಲ್ಲ, ಓಕ್ಸ್ ಎರಡು ಸಲ ಗೆದ್ದರು. 1957ರಲ್ಲಿ ಕರೋಟ್ಸಾ, ಜಾಕಿ ಲೆಸ್ಟರ್ ಪಿಗಟ್. 1977ರಲ್ಲಿ ಡನ್‌ಫರ್ಮ್‌ಲಿನ್, ಜಾಕಿ ವಿಲ್ಲಿ ಕಾರ್ಸನ್. ರಾಣಿ ಪಟ್ಟಕ್ಕೇರಿ 25 ವರ್ಷದ ಸಂಭ್ರಮದ ಬೇಸಿಗೆ ಅದು. ಇಲ್ಲಿನ ಹಳಬರು ಇವತ್ತಿಗೂ ಆ ದಿನದ ಬಗ್ಗೆ ಮಾತಾಡುತ್ತಾರೆ. ಅತಿ ಹೆಚ್ಚು ಜನ ಪಣ ಕಟ್ಟಿ ಫೇವರಿಟ್ ಆಗಿದ್ದ ಡುರ್ಟಾಲ್ ಸ್ಟಾರ್ಟ್‌ಗೆ ಹೋಗುವಾಗಲೇ ಜೀನು ಜಾರಿ ಪಿಗಟ್‌ನನ್ನು ಎಳೆದಾಡಿ, ಓಟದಿಂದಲೇ ಹೊರಬಿತ್ತು. ಡನ್‌ಫರ್ಮ್‌ಲಿನ್ ಗೆದ್ದಿದ್ದು ಅದೃಷ್ಟ ಎಂದವರೂ ಇದ್ದರು. ಸೆಪ್ಟೆಂಬರಿನ ಸೇಂಟ್ ಲೆಜರ್‌ನಲ್ಲಿ ಅವಳು ಅಲೆಜ್ಡ್ ಅನ್ನುವ ಗಂಡು ಕುದುರೆಯನ್ನು ಸೋಲಿಸಿದಾಗ ಆ ಮಾತು ನಿಂತಿತು. ಅಲೆಜ್ಡ್ ತನ್ನ ಹತ್ತು ಓಟದಲ್ಲಿ ಸೋತದ್ದು ಅದೊಂದೇ ಸಲ, ಪ್ಯಾರಿಸ್‌ನ ಪ್ರಸಿದ್ಧ ಓಟ ಆರ್ಕ್ ಅನ್ನು ಎರಡು ವರ್ಷ ಸತತವಾಗಿ ಗೆದ್ದ ಕುದುರೆ.

ಜಯನಗರ ಫೋರ್ತ್ ಬ್ಲಾಕ್:
ಓಕ್ಸ್‌ಗೆ ನಮ್ಮ ಕಡೆಯ ನಂಟು ಏನಾದರೂ ಇದೆಯಾ? ಬರೀ ಲಾರ್ಡು, ದೊರೆಗಳದ್ದೇ ಆಯಿತು.

ವಂಶಾವಳಿ:
ಇದೆ. 1932ರ ಓಕ್ಸ್ ಗೆದ್ದ ಕುದುರೆಯ ಹೆಸರೇ ಉದಯಪುರ್! ಒಡೆಯ ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಮೂರನೇ ಆಗಾ ಖಾನ್, ಕರಾಚಿಯಲ್ಲಿ ಹುಟ್ಟಿದವರು. 1948ರಲ್ಲಿ ಮಸಾಕಾ ಮೂಲಕ ಅವರು ಮತ್ತೆ ಗೆದ್ದರು. ಅವರ ಬಳಿ ಮಮ್ತಾಜ್ ಮಹಲ್ ಅನ್ನುವ ಬೂದು ಬಣ್ಣದ ಹೆಣ್ಣು ಕುದುರೆಯೂ ಇತ್ತು, ಬಾಣದ ವೇಗ, ದೂರ ತಾಳುತ್ತಿರಲಿಲ್ಲ. 1000 ಗಿನೀಸ್‌ನಲ್ಲೇ ಎರಡನೆಯವಳಾದಳು, ಒಂದೂವರೆ ಮೈಲಿಯ ಮಾತೇ ಇಲ್ಲ. ಆದರೆ ಅವಳ ಮಗಳ ಮಗಳ ಮಗಳ ಮಗಳು ಪೆಟೀಟ್ ಎಟ್ವಾಲ್, ಅದೇ ಬೂದು ಬಣ್ಣ, 1959ರಲ್ಲಿ 1000 ಗಿನೀಸ್ ಮತ್ತು ಓಕ್ಸ್ ಎರಡನ್ನೂ ಗೆದ್ದಳು. ಒಡೆಯ ಆಗಾ ಖಾನ್‌ರ ಮಗ ಅಲಿ ಖಾನ್. 1937ರಲ್ಲಿ ಎಕ್ಸಿಬಿಷನಿಸ್ಟ್ ಮೂಲಕ ಗೆದ್ದ ಸರ್ ವಿಕ್ಟರ್ ಸಸೂನ್ ಕೂಡ ಬಾಂಬೆಯ ಸಸೂನ್ ಮನೆತನದವರು.

ಓಟದ ಮಾದರಿಯೂ ದೇಶ ದೇಶಕ್ಕೆ ಹೋಗಿದೆ. ಫ್ರಾನ್ಸಿನ ಪ್ರಿ ದ ಡಿಯಾನ್ 1843ರಿಂದ, ಅಮೆರಿಕದ ಕೆಂಟಕಿ ಓಕ್ಸ್ 1875ರಿಂದ, ಐರ್ಲೆಂಡಿನದು 1895ರಿಂದ, ಜಪಾನಿನದು 1938ರಿಂದ. ನಮ್ಮ ಇಂಡಿಯನ್ ಓಕ್ಸ್ ಮುಂಬೈಯ ಮಹಾಲಕ್ಷ್ಮಿಯಲ್ಲಿ, 2400 ಮೀಟರ್.

ಕುಣಿಗಲ್ ಕಡೆಯವ:
ಇಂಡಿಯನ್ ಓಕ್ಸ್ ನಾಲ್ಕು ವರ್ಷದವಕ್ಕೆ ಅಲ್ವಾ ಅಣ್ಣ? ಇಂಗ್ಲೆಂಡಲ್ಲಿ ಮೂರು, ಇಲ್ಲಿ ನಾಲ್ಕು ಯಾಕೆ ಅಂತ ನನಗೆ ಯಾವಾಗಲೂ ಅನುಮಾನ.

ಧಾರವಾಡದಾಕಿ:
ತಮ್ಮಾ, ಎಲ್ಲಾ ಕುದುರಿಗೂ ಹುಟ್ಟಿದಹಬ್ಬ ಜನವರಿ 1 ಅಂತ ಹಿಡೀತಾರ. ಅಲ್ಲೆ ಓಕ್ಸ್ ಬ್ಯಾಸಗ್ಯಾಗ, ಮೂರನೇ ವರ್ಷದ ನಡುವ. ನಮ್ಮ ದೇಶದಾಗ ದೊಡ್ಡ ಹಂಗಾಮು ಚಳಿಗಾಲ, ಓಕ್ಸ್ ಬರೂದು ಹೊಸ ವರ್ಷ ಹುಟ್ಟಿದ ಮ್ಯಾಲೆ. ಅಷ್ಟರಾಗ ಕಾಗದದ ಮ್ಯಾಲೆ ನಾಕು ತುಂಬಿರತದ. ನೋಡಿದ್ರ ಅಲ್ಲಿನವಕ್ಕಿಂತ ಏಳೆಂಟು ತಿಂಗಳಷ್ಟ ದೊಡ್ಡವು. ನನ್ನ ಕೇಳಿದ್ರ ಎಲುಬಿನ ದೃಷ್ಟಿಯಿಂದ ನಮ್ಮ ಪದ್ಧತಿನ ಪಾಡು.

ಮತ್ತ ನಮ್ಮ ಇಂಡಿಯನ್ ಡರ್ಬಿ 1943ರಾಗ ಮೊದಲನೇ ಸಲ ನಡೆದಾಗ ಗೆದ್ದದ್ದು ಹೆಣ್ಣು ಕುದುರಿನ, ಪ್ರಿನ್ಸೆಸ್ ಬ್ಯೂಟಿಫುಲ್, ಬರೋಡಾ ಮಹಾರಾಜರದು.

ಜಯನಗರ ಫೋರ್ತ್ ಬ್ಲಾಕ್:
ಓಕ್ಸ್‌ನಲ್ಲಿ ಮದ್ದು ಕೊಟ್ಟ ಹಗರಣ ಏನಾದರೂ ಆಗಿದೆಯಾ? ಒಳ್ಳೆಯದನ್ನಷ್ಟೇ ಹೇಳಬೇಡಿ.

ವಂಶಾವಳಿ:
1989. ಮೊದಲು ಬಂದವಳು ಅಲೀಸಾ, ಒಡೆಯರು ನಾಲ್ಕನೇ ಆಗಾ ಖಾನ್. ಓಟದ ನಂತರದ ಮೂತ್ರ ಪರೀಕ್ಷೆಯಲ್ಲಿ ಕರ್ಪೂರಕ್ಕೆ ಸಂಬಂಧಿಸಿದ ಅಂಶ ಸಿಕ್ಕಿತು ಎಂದು 1990ರ ಕೊನೆಯಲ್ಲಿ, ಆಗ ಬ್ರಿಟನ್ನಿನ ರೇಸ್ ಆಡಳಿತ ನೋಡಿಕೊಳ್ಳುತ್ತಿದ್ದ ಜಾಕಿ ಕ್ಲಬ್ ಅವಳನ್ನು ಅನರ್ಹಗೊಳಿಸಿತು. ಪರೀಕ್ಷೆಯ ವಿಧಾನವೇ ಸರಿಯಿಲ್ಲ ಎಂದು ಆಗಾ ಖಾನ್ ಹೋರಾಡಿದರು, ಕೊನೆಗೆ ಬ್ರಿಟನ್ನಿನಿಂದ ತಮ್ಮ ಕುದುರೆಗಳನ್ನೆಲ್ಲ ಹೊರಗೆ ಒಯ್ದರು, ಕೆಲವು ವರ್ಷ ತರಲೇ ಇಲ್ಲ. ಅವರಿಗೆ ಓಕ್ಸ್ ಸಿಕ್ಕಿದ್ದು 2024ರಲ್ಲಿ, ಎಜೆಲಿಯಾ ಮೂಲಕ. 2025ರ ಫೆಬ್ರವರಿಯಲ್ಲಿ ತೀರಿಕೊಂಡರು.

ಅಲೀಸಾ ಕಳೆದುಕೊಂಡ ಗೆಲುವು ಹೋದದ್ದು ಸ್ನೋ ಬ್ರೈಡ್‌ಗೆ. ಕಾಗದದ ಮೇಲಿನ ಗೆಲುವು ಎಂದು ಆಗ ಜನ ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವಳ ಮಗ ಲಾಮ್‌ಟಾರಾ 1995ರಲ್ಲಿ ಡರ್ಬಿ, ಆಸ್ಕಟ್‌ನ ಕಿಂಗ್ ಜಾರ್ಜ್ ಓಟ, ಆರ್ಕ್ ಮೂರನ್ನೂ ಗೆದ್ದು, ಒಂದೂ ಸೋಲದೆ ನಿವೃತ್ತನಾದ.

ಸರ್ರೆ ಕನ್ನಡತಿ:
ಒಂದು ಸೇರಿಸಲೇಬೇಕು. 2004ರಲ್ಲಿ ಓಕ್ಸ್ ಅನ್ನು 7 ಲೆಂತ್‌ನಿಂದ ಗೆದ್ದವಳು ವೀಜಾ ಬೋರ್ಡ್. ಅವಳ ಒಡೆಯ ಯಾರು ಗೊತ್ತಾ? 19ನೇ ಅರ್ಲ್ ಆಫ್ ಡರ್ಬಿ. ಬ್ರಿಜೆಟ್ ಗೆದ್ದು 225 ವರ್ಷಕ್ಕೆ ಅದೇ ಮನೆತನ, ಅದೇ ಓಟ. ಅವಳ ಮಗ ಆಸ್ಟ್ರೇಲಿಯಾ 2014ರ ಡರ್ಬಿ ಗೆದ್ದ.

ಮೈಸೂರು ಮೇಷ್ಟ್ರು:
ಸರಿ, ತಾಯಂದಿರ ವಾದ ಒಪ್ಪಿದೆ. ಆದರೆ ಒಂದು ಕೊರಗು ಉಳಿಯುತ್ತದೆ. 1916ರ ನಂತರ ಡರ್ಬಿಯನ್ನು ಒಂದೂ ಹೆಣ್ಣು ಕುದುರೆ ಗೆದ್ದಿಲ್ಲ. ಗೆಲ್ಲುವುದಿರಲಿ, ಓಡಿಸುವುದೇ ಅಪರೂಪ. 1975ರಲ್ಲಿ ನೊಬಿಲಿಯರಿ ಗ್ರಂಡಿಯ ಹಿಂದೆ ಎರಡನೆಯವಳಾದಳು. 1998ರಲ್ಲಿ ಕೇಪ್ ವರ್ಡಿ ಫೇವರಿಟ್ ಆಗಿ ಓಡಿ ಒಂಬತ್ತನೆಯವಳಾದಳು. ಓಕ್ಸ್ ಇರುವುದರಿಂದಲೇ ಟ್ರೇನರ್‌ಗಳು ಸುರಕ್ಷಿತ ದಾರಿ ಹಿಡಿಯುತ್ತಿದ್ದಾರೆ. ಎನೇಬಲ್ 2017ರಲ್ಲಿ ಗುಡುಗು ಮಳೆಯಲ್ಲಿ ಓಕ್ಸ್ ಗೆದ್ದಾಗ ತೆಗೆದುಕೊಂಡ ಸಮಯ 2 ನಿಮಿಷ 34.13 ಸೆಕೆಂಡ್, ಓಕ್ಸ್ ದಾಖಲೆ. ಆ ವರ್ಷವೇ ಆರ್ಕ್‌ನಲ್ಲಿ ಗಂಡುಗಳನ್ನೆಲ್ಲ ಸೋಲಿಸಿದಳು. ಅವಳನ್ನು ಡರ್ಬಿಗೆ ಬಿಟ್ಟಿದ್ದರೆ?

ವಂಶಾವಳಿ:
ಗೆಲ್ಲುತ್ತಿದ್ದಳು ಎಂದೇ ನನ್ನ ನಂಬಿಕೆ. ಆದರೆ ಎನೇಬಲ್ ಶಕ್ತಿ ಸಾಬೀತಾಗಲು ಡರ್ಬಿ ಬೇಕಿರಲಿಲ್ಲ ಮೇಷ್ಟ್ರೇ. ಹಿಂದೆ ಜೂನ್ ಮೊದಲ ವಾರದ ಎರಡು ದಿನದಲ್ಲೇ ಎಲ್ಲ ತೀರ್ಮಾನವಾಗುತ್ತಿತ್ತು, ಈಗ ಕಿಂಗ್ ಜಾರ್ಜ್, ಆರ್ಕ್ ಎಲ್ಲ ಇವೆ, ಅಲ್ಲಿ ಗಂಡುಗಳನ್ನು ಎದುರಿಸಲು ಬೇಕಾದಷ್ಟು ಅವಕಾಶ. 2025ರಲ್ಲಿ ಓಕ್ಸ್ ಗೆದ್ದ ಮಿನ್ನಿ ಹಾಕ್ ಐರಿಷ್ ಓಕ್ಸ್, ಯಾರ್ಕ್‌ಷೈರ್ ಓಕ್ಸ್ ಮುಗಿಸಿ ಆರ್ಕ್‌ನಲ್ಲಿ ಒಂದು ತಲೆಯಷ್ಟು ಅಂತರದಲ್ಲಿ ಸೋತಳು. ಮೂರು ವರ್ಷದ ಹೆಣ್ಣು ಕುದುರೆಯನ್ನು ಎರಡು ದಿನದ ಅಂತರದಲ್ಲಿ ಎಪ್ಸಮ್ ಇಳಿಜಾರಿನಲ್ಲಿ ಎರಡು ಸಲ ಓಡಿಸುವ ಕಾಲ ಮುಗಿದದ್ದು ಒಳ್ಳೆಯದೇ ಆಯಿತು.

ಧಾರವಾಡದಾಕಿ:
ಈ ಮಾತಿಗೆ ನನ್ನ ಸಹಿ ಅದ.

ಕುಣಿಗಲ್ ಕಡೆಯವ:
ಅಣ್ಣ, ಇಂಡಿಯನ್ ಓಕ್ಸ್ ಗೆದ್ದವುಗಳ ತಾಯಂದಿರನ್ನೂ ಇದೇ ರೀತಿ ಹಿಂದಕ್ಕೆ ಹುಡುಕಿ ಬರೆದರೆ ಹೇಗೆ? ನಮ್ಮ ಕಡೆ ಸ್ಟಡ್‌ನಲ್ಲಿ ಕೆಲಸ ಮಾಡಿದ ಹಿರಿಯರು ಇನ್ನೂ ಇದ್ದಾರೆ, ಅವರನ್ನು ಕೇಳಿ ನಾನು ಶುರು ಮಾಡುತ್ತೇನೆ.

ವಂಶಾವಳಿ:
ಮಾಡಿ ತಮ್ಮಾ. ಹೊಸ ಚರ್ಚೆಯಾಗಿ ಹಾಕಿ. 1943ರ ಪ್ರಿನ್ಸೆಸ್ ಬ್ಯೂಟಿಫುಲ್‌ಳಿಂದಲೇ ಶುರು ಮಾಡಿ, ತಾಯಿ ಕಡೆಯ ಸಾಲು ನಾನು ಹುಡುಕಿಕೊಡುತ್ತೇನೆ.